ಹೆಸರು ಮೂತಿಯಲ್ಲಿ, ಇಸವಿ ಬಂಪರಿನಲ್ಲಿ

ಕೆಂಪಗಿದೆ, ಕುಳ್ಳಗಿದೆ, ಸದ್ದು ಜೋರಾಗಿದೆ. ಅಂದಮೇಲೆ ಅದು ಫೆರಾರಿಯೇ. ರಸ್ತೆಯಲ್ಲಿ ಹಳೆಯ ಸ್ಪೋರ್ಟ್ಸ್ ಕಾರೊಂದು ಕಣ್ಣಿಗೆ ಬಿದ್ದರೆ ಬಹುಪಾಲು ಜನ ಕೊಡುವ ತೀರ್ಪು ಇದು. ಉಳಿದವರು ಮೊಬೈಲ್ ತೆಗೆದು ಒಂದು ಫೋಟೊ ಹೊಡೆದು, ಸಂಜೆ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ, ‘ಇದ್ಯಾವ ಕಾರು, ಗೊತ್ತಿದ್ದವರು ಹೇಳಿ’ ಎಂದು ಕೇಳುತ್ತಾರೆ. ಉತ್ತರಗಳಿಗೇನೂ ಬರವಿಲ್ಲ. ಒಬ್ಬರು ಜಾಗ್ವಾರ್ ಎನ್ನುತ್ತಾರೆ, ಇನ್ನೊಬ್ಬರು ಎಂಜಿ, ಮತ್ತೊಬ್ಬರು ‘ಜೇಮ್ಸ್ ಬಾಂಡ್ ಕಾರು’. ಫೋಟೊ ನೋಡಿದರೆ ಕಾರಿನ ಮುಂಭಾಗ ಮಾತ್ರ, ಅದೂ ಅರ್ಧ ಆಟೋ ಮರೆಯಲ್ಲಿ.

ತಮಾಷೆಯೆಂದರೆ, ಫೆರಾರಿ ಕಂಪನಿಯದೇ ಕಾರೊಂದು ಎದುರಿಗೆ ಬಂದು ನಿಂತರೂ ಅದರ ಮೈಮೇಲೆ ಆ ಹೆಸರು ಇಲ್ಲದಿರಬಹುದು. ಕಂಪನಿ ಕಟ್ಟಿದ ಎಂಜೊ ಫೆರಾರಿಯ ಮಗ ಆಲ್‌ಫ್ರೆಡೊ 1956ರಲ್ಲಿ, 24ನೇ ವಯಸ್ಸಿಗೇ ತೀರಿಕೊಂಡ. ಎಲ್ಲರೂ ಅವನನ್ನು ಕರೆಯುತ್ತಿದ್ದುದು ಡೀನೊ ಎಂದು. 1968ರ ಹೊತ್ತಿಗೆ ಹೊರಬಂದ ಪುಟ್ಟ ವಿ6 ಕಾರಿಗೆ ಅಪ್ಪ ಆ ಹೆಸರನ್ನೇ ಇಟ್ಟ. ಕಾರ್ಖಾನೆ ಬಿಟ್ಟಾಗ ಡೀನೊ 206 ಮತ್ತು 246 ಕಾರುಗಳ ಮೂತಿಯ ಮೇಲೆ ಫೆರಾರಿಯ ಕುದುರೆ ಲಾಂಛನ ಇರಲಿಲ್ಲ, ಹಿಂಭಾಗದಲ್ಲಿ ಫೆರಾರಿ ಎಂಬ ಅಕ್ಷರವೂ ಇರಲಿಲ್ಲ. ಆಮೇಲೆ ಮಾಲೀಕರೂ ಮಾರಾಟಗಾರರೂ ತಾವೇ ಕುದುರೆ ತಂದು ಅಂಟಿಸಿದರು. ಇವತ್ತು ಡೀನೊ ಮೂತಿಯಲ್ಲಿ ಕುದುರೆ ಕಂಡರೆ ಅದು ಆಮೇಲೆ ಬಂದು ಸೇರಿದ್ದು. ಎರಡು ಡೀನೊಗಳಲ್ಲಿ ಯಾವುದು ಎಂದು ತಿಳಿಯಬೇಕಾದವರು ಪೆಟ್ರೋಲ್ ಮುಚ್ಚಳ ಹುಡುಕುತ್ತಾರೆ. ಅಲ್ಯೂಮಿನಿಯಂ ಮೈಯ, ಅಪರೂಪದ 206ರಲ್ಲಿ ಮುಚ್ಚಳ ಬಯಲಿಗೇ ಕಾಣುತ್ತದೆ. 246ರಲ್ಲಿ ಅದನ್ನು ಚಿಕ್ಕ ಬಾಗಿಲಿನ ಹಿಂದೆ ಅಡಗಿಸಿದ್ದಾರೆ.

ಇದರ ತಿರುವುಮುರುವು ಕಥೆಯೂ ಉಂಟು. 1984ರಲ್ಲಿ ಶುರುವಾದ ‘ಮಯಾಮಿ ವೈಸ್’ ಎಂಬ ಅಮೆರಿಕದ ಟಿವಿ ಧಾರಾವಾಹಿಯಲ್ಲಿ ನಾಯಕ ಓಡಿಸುತ್ತಿದ್ದುದು ಕಪ್ಪು ಬಣ್ಣದ ಫೆರಾರಿ ಡೇಟೋನಾ ಸ್ಪೈಡರ್. ಇಡೀ ಅಮೆರಿಕ ಅದನ್ನು ನೋಡಿ ಬಾಯಿ ಚಪ್ಪರಿಸಿತು. ಆದರೆ ಅದು ಷೆವರ್ಲೆ ಕಾರ್ವೆಟ್ ಕಾರಿನ ಚಾಸಿಯ ಮೇಲೆ ಫೈಬರ್ ಮೈ ಕೂರಿಸಿ ಮಾಡಿದ ನಕಲು. ಕುದುರೆ ಲಾಂಛನ ಮಾತ್ರ ಜಾಗದಲ್ಲೇ ಇತ್ತು. ಫೆರಾರಿ ಕಂಪನಿಗೆ ಸಿಟ್ಟು ಬಂದು, ಕೊನೆಗೆ ತನ್ನದೇ ಟೆಸ್ಟರೋಸಾ ಕಾರುಗಳನ್ನು ಕೊಟ್ಟ ಮೇಲೆ ನಕಲಿ ಡೇಟೋನಾ ತೆರೆಯಿಂದ ಮರೆಯಾಯಿತು.

ಬ್ಯಾಡ್ಜು ಎಂದರೆ ಎರಡು ಸ್ಕ್ರೂ, ಇಲ್ಲವೇ ಚೂರು ಗೋಂದು. ಅದನ್ನು ನಂಬಿ ಕಾರಿನ ಕುಲ ನಿರ್ಧರಿಸಿದವರು ಮೋಸ ಹೋಗುವುದು ಖಂಡಿತ. ಬಣ್ಣವನ್ನೂ ನಂಬುವಂತಿಲ್ಲ, ಚಕ್ರವನ್ನೂ ನಂಬುವಂತಿಲ್ಲ. ಎರಡೂ ಒಂದು ವಾರದ ಕೆಲಸ. ಹಾಗಾದರೆ ನೋಡಬೇಕಾದ್ದೇನು? ಹಳೆಯ ಕಾರುಗಳನ್ನು ಬಲ್ಲವರು ಮೈಯ ಆಕಾರ ನೋಡಿ ಹೆಸರು ಹೇಳುತ್ತಾರೆ. ಇಸವಿ ಹೇಳಬೇಕಾದಾಗ ಮಾತ್ರ ಅವರ ಕಣ್ಣು ದೀಪ, ಬಂಪರು, ವೈಪರುಗಳ ಕಡೆಗೆ ಹೋಗುತ್ತದೆ. ವಿನ್ಯಾಸಕಾರ ಬಿಡಿಸಿದ ಗೆರೆಗಳು ವರ್ಷಗಟ್ಟಲೆ ಹಾಗೆಯೇ ಉಳಿಯುತ್ತವೆ. ಸರ್ಕಾರದ ನಿಯಮ ಬಂದಾಗಲೆಲ್ಲ ಬದಲಾಗುವುದು ಈ ಚಿಲ್ಲರೆ ಸಾಮಾನುಗಳೇ.

ಯಾವ ಸರ್ಕಾರ? ಹೆಚ್ಚಿನ ಸಲ ಅಮೆರಿಕದ್ದು. ಇಂಗ್ಲೆಂಡಿನಲ್ಲಿ, ಜರ್ಮನಿಯಲ್ಲಿ ತಯಾರಾದ ಸ್ಪೋರ್ಟ್ಸ್ ಕಾರುಗಳಿಗೆ ದೊಡ್ಡ ಗಿರಾಕಿ ಅಮೆರಿಕವೇ ಆಗಿತ್ತು. ಅಲ್ಲಿನ ಫೆಡರಲ್ ಸುರಕ್ಷತಾ ನಿಯಮಗಳು 1968ರ ಜನವರಿ 1ರಂದು ಜಾರಿಗೆ ಬಂದವು. ಹೆಡ್‌ಲೈಟಿನ ಮೇಲೆ ಗಾಜಿನ ಹೊದಿಕೆ ಕೂಡದು ಎಂದಾಯಿತು. ಕಾರಿನ ಪಕ್ಕದಲ್ಲಿ ಮುಂದೆ ಹಳದಿ, ಹಿಂದೆ ಕೆಂಪು ಗುರುತು ಬೇಕೆಂದಾಯಿತು. ಮೊದಮೊದಲು ದೀಪ ಅಥವಾ ಪ್ರತಿಫಲಕ ಎರಡರಲ್ಲಿ ಒಂದಿದ್ದರೆ ಸಾಕಿತ್ತು, 1970ರಿಂದ ಎರಡೂ ಕಡ್ಡಾಯ. 1973ರ ಮಾದರಿಗಳಿಗೆ ಗಂಟೆಗೆ 5 ಮೈಲಿ ವೇಗದ ಡಿಕ್ಕಿ ತಡೆದುಕೊಳ್ಳುವ ಮುಂಬಂಪರು ಬೇಕಾಯಿತು, ಮರುವರ್ಷ ಹಿಂಬಂಪರಿಗೂ ಅದೇ ಬಗೆಯ ಕಟ್ಟಳೆ. ಈ ನಾಲ್ಕಾರು ಇಸವಿಗಳು ನೆನಪಿದ್ದರೆ ಎಷ್ಟೋ ಕಾರುಗಳ ವಯಸ್ಸನ್ನು ಫುಟ್‌ಪಾತ್ ಮೇಲೆ ನಿಂತೇ ಅಂದಾಜು ಮಾಡಬಹುದು.

ಇದನ್ನು ಕಲಿಯುವುದಕ್ಕೆ ಜಾಗ್ವಾರ್ ಇ-ಟೈಪ್‌ಗಿಂತ ಒಳ್ಳೆಯ ಪಠ್ಯ ಇನ್ನೊಂದಿಲ್ಲ.

1961ರ ಮಾರ್ಚ್ 15ರಂದು ಜಿನೀವಾದಲ್ಲಿ ಪತ್ರಕರ್ತರ ಮುಂದೆ ಈ ಕಾರು ಮೊದಲ ಬಾರಿಗೆ ಕಾಣಿಸಿಕೊಂಡಿತು. ಕಂಪನಿಯ ಬಾಬ್ ಬೆರಿ ಬೂದು ಬಣ್ಣದ ಕೂಪೆಯನ್ನು ಕೊವೆಂಟ್ರಿಯಿಂದ ತಾನೇ ಓಡಿಸಿಕೊಂಡು ಬಂದು, ಅನಾವರಣಕ್ಕೆ ನಿಮಿಷಗಳಿರುವಾಗ ತಲುಪಿದ. ಕಾರಿನಲ್ಲಿ ಕೂತು ಒಂದು ಸುತ್ತು ಹೋಗಲು ಜನ ಮುಗಿಬಿದ್ದರು. ಒಂದು ಕಾರು ಸಾಲದಾಯಿತು. ಕಂಪನಿಯ ಒಡೆಯ ವಿಲಿಯಂ ಲಯನ್ಸ್ ಕಳಿಸಿದ ಅಪ್ಪಣೆಯಂತೆ ಪರೀಕ್ಷಾ ಚಾಲಕ ನಾರ್ಮನ್ ಡ್ಯೂಯಿಸ್ ಇನ್ನೊಂದು ಕಾರನ್ನು, ಚಾವಣಿ ತೆರೆಯುವ ಹಸಿರು ಬಣ್ಣದ್ದನ್ನು, ರಾತ್ರೋರಾತ್ರಿ ಓಡಿಸಿ ಬೆಳಗಾಗುವಷ್ಟರಲ್ಲಿ ಜಿನೀವಾ ಮುಟ್ಟಿಸಿದ. ಕಾರಿನ ಮೈಗೆ ರೂಪ ಕೊಟ್ಟವನು ಮಾಲ್ಕಮ್ ಸೇಯರ್. ಅವನು ಹಿಂದೆ ಬ್ರಿಸ್ಟಲ್ ವಿಮಾನ ಕಂಪನಿಯಲ್ಲಿದ್ದವನು. ಗಾಳಿ ಹೇಗೆ ಹರಿಯುತ್ತದೆ ಎಂಬ ಲೆಕ್ಕ ಹಾಕಿ ಗೆರೆ ಎಳೆಯುತ್ತಿದ್ದ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 1996ರಲ್ಲಿ ಒಂದು ಇ-ಟೈಪನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು.

ಕಾರಿನ ಅರ್ಧದಷ್ಟು ಉದ್ದಕ್ಕೆ ಚಾಚಿದ ಬಾನೆಟ್ಟು, ಅದರ ನಡುವೆ ಉಬ್ಬು, ತುದಿಯಲ್ಲಿ ಮೊಟ್ಟೆಯಾಕಾರದ ಬಾಯಿ. ಇದನ್ನು ಒಮ್ಮೆ ನೋಡಿದವರು ಹೆಸರು ಮರೆಯುವುದಿಲ್ಲ. ಆದರೆ ಸುಮಾರು 72,500 ಇ-ಟೈಪ್‌ಗಳು ತಯಾರಾದವು, 13 ವರ್ಷಗಳಿಗೂ ಮೀರಿ. ಎದುರಿಗಿರುವುದು ಅದರಲ್ಲಿ ಯಾವ ಕಾಲದ್ದು?

ಮೊದಲು ದೀಪ ನೋಡಬೇಕು. ಹೆಡ್‌ಲೈಟಿನ ಮೇಲೆ ಬಾನೆಟ್ಟಿನ ಗೆರೆಯಲ್ಲೇ ಹರಿಯುವ ಗಾಜಿನ ಹೊದಿಕೆಯಿದ್ದರೆ ಅದು ಮೊದಲ ಸರಣಿ. ಆಮೇಲೆ ಹಿಂದಕ್ಕೆ ಹೋಗಿ ನೋಡಬೇಕು: ಮೊದಲ ಸರಣಿಯ ಹಿಂದಿನ ದೀಪಗಳು ತೆಳ್ಳನೆಯ ಬಂಪರಿನ ಮೇಲ್ಗಡೆ ಕೂತಿರುತ್ತವೆ. 1968ರ ಕೊನೆಯಲ್ಲಿ ಬಂದ ಎರಡನೇ ಸರಣಿಯಲ್ಲಿ ಗಾಜು ಹೋಯಿತು, ಹೆಡ್‌ಲೈಟು ಬಯಲಾಯಿತು, ಮೂತಿಯ ಬಾಯಿ ದೊಡ್ಡದಾಯಿತು, ಹಿಂದಿನ ದೀಪಗಳು ದಪ್ಪವಾಗಿ ಬಂಪರಿನ ಕೆಳಗಿಳಿದವು. ಬಾಯಿ ಅಗಲವಾಗಿದ್ದು ಎಂಜಿನ್ ತಣ್ಣಗಿರಲಿ ಎಂದು. ಉಳಿದ ಬಹಳಷ್ಟು ಬದಲಾವಣೆಗೆ ಅಮೆರಿಕದ ಕಾನೂನೇ ಕಾರಣ. ಚೆಲುವಿನ ಮಾತು ಬಂದರೆ ಮೊದಲ ಸರಣಿಯ ಪಕ್ಕದಲ್ಲಿ ಎರಡನೆಯದು ಕಣ್ಣರಳಿಸಿ ಬೆಚ್ಚಿದಂತೆ ಕಾಣುತ್ತದೆ ಎನ್ನದೆ ವಿಧಿಯಿಲ್ಲ.

ಈ ಎರಡರ ನಡುವೆ ಒಂದು ಹೊಂದಾಣಿಕೆಯ ಕಾಲವಿದೆ. ಹೆಡ್‌ಲೈಟು ಬಯಲಾಗಿದೆ, ಆದರೆ ಬಾಯಿ ಇನ್ನೂ ಚಿಕ್ಕದು, ಹಿಂದಿನ ದೀಪ ಇನ್ನೂ ಬಂಪರಿನ ಮೇಲೇ ಇದೆ. 1967–68ರ ಈ ಕಾರುಗಳನ್ನು ಅಭಿಮಾನಿಗಳು ‘ಒಂದೂವರೆ ಸರಣಿ’ ಎಂದೇ ಕರೆಯುತ್ತಾರೆ. ಕಂಪನಿ ಅಂಥ ಹೆಸರನ್ನು ಎಂದೂ ಇಟ್ಟಿರಲಿಲ್ಲ.

ಮೂರನೆಯ ಸರಣಿ 1971ರದು. ಆರು ಸಿಲಿಂಡರಿನ ಜಾಗಕ್ಕೆ 5.3 ಲೀಟರಿನ ವಿ12 ಎಂಜಿನ್ ಬಂತು. ಬಾಯಿಗೆ ಕ್ರೋಮಿಯಂ ಜಾಲರಿ ಬಂತು, ಚಕ್ರಗಳ ಮೇಲಿನ ಮಡ್‌ಗಾರ್ಡು ಹೊರಕ್ಕೆ ಉಬ್ಬಿತು. ತೆರೆದ ಚಾವಣಿಯ ಕಾರಿನ ಎರಡು ಅಚ್ಚುಗಳ ನಡುವಿನ ಅಂತರ 96 ಇಂಚಿನಿಂದ 105 ಇಂಚಿಗೆ ಹಿಗ್ಗಿತು. ಇವೆಲ್ಲ ದೂರದಿಂದ ಗುರುತಿಸಲು ಕಷ್ಟವಾದರೆ ವೈಪರ್ ಎಣಿಸಿದರೂ ಆಯಿತು: ಮೊದಲ ಎರಡು ಸರಣಿಗಳಿಗೆ ಸಾಮಾನ್ಯವಾಗಿ ಮೂರು ವೈಪರು, ಮೂರನೆಯದಕ್ಕೆ ಎರಡೇ. ಕೊನೆಯದಾಗಿ ತಯಾರಾದ 50 ಕಾರುಗಳಲ್ಲಿ 49ಕ್ಕೆ ಕಪ್ಪು ಬಣ್ಣ ಬಳಿದಿದ್ದರು, ಒಂದಕ್ಕೆ ಮಾತ್ರ ಹಸಿರು.

ಇನ್ನು ಅಪರೂಪಕ್ಕೆ, ಬಾನೆಟ್ಟಿನ ಎರಡೂ ಪಕ್ಕ ಬಾಗಿಲಿನ ಮುಂದೆ ಚಿಕ್ಕ ಬೀಗದ ರಂಧ್ರ ಕಂಡರೆ ಅಲ್ಲೇ ನಿಂತು ನೋಡಬೇಕು. ಮೊದಲ ಸುಮಾರು 500 ಇ-ಟೈಪ್‌ಗಳ ಬಾನೆಟ್ಟಿನ ಚಿಲಕವನ್ನು ಹೊರಗಿನಿಂದ, ‘ಟಿ’ ಆಕಾರದ ಕೀಲಿ ಹಾಕಿ ತೆಗೆಯಬೇಕಿತ್ತು. ಆಮೇಲೆ ಚಿಲಕ ಒಳಗೆ ಹೋಯಿತು. ಅಂಥ ಕಾರು 1961ರದೇ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಎಚ್ಚರಿಕೆ ಬೇಕು. ಮೊದಲ ಸರಣಿಗೆ ಬೆಲೆ ಹೆಚ್ಚು, ಚೆಲುವೂ ಹೆಚ್ಚು. ಹಾಗಾಗಿ ಎರಡನೇ ಸರಣಿಯ ಕಾರಿಗೆ ಗಾಜು ಹೊದಿಸಿ ಪ್ರಾಯ ಏರಿಸಿದವರು ಬೇಕಾದಷ್ಟು ಜನ ಇದ್ದಾರೆ. ಮುಂದೆ ಗಾಜಿನ ಹೊದಿಕೆ ಇದ್ದು ಹಿಂದೆ ದೀಪ ಬಂಪರಿನ ಕೆಳಗಿದ್ದರೆ ಅದು ಟಿಂಕರಿಂಗ್ ಶೆಡ್ಡಿನಲ್ಲಿ ಹುಟ್ಟಿದ ‘ಮೊದಲ ಸರಣಿ’. ಒಂದೇ ಗುರುತಿನ ಮೇಲೆ ತೀರ್ಪು ಕೊಡಬಾರದು. ಎರಡು ಮೂರು ಗುರುತುಗಳು ಒಂದೇ ಇಸವಿಯನ್ನು ಹೇಳಬೇಕು.

ಇ-ಟೈಪ್ ಶ್ರೀಮಂತರ ಕಾರಾಯಿತು. ಬ್ರಿಟನ್ನಿನ ರಸ್ತೆಗಳಲ್ಲಿ ನಿಜಕ್ಕೂ ಕಣ್ಣಿಗೆ ಬೀಳುವುದು ಎಂಜಿ ಕಂಪನಿಯ ಎಂಜಿಬಿ. 1962ರಿಂದ 1980ರ ತನಕ ಅಬಿಂಗ್ಡನ್ ಕಾರ್ಖಾನೆಯಲ್ಲಿ 5 ಲಕ್ಷಕ್ಕೂ ಹೆಚ್ಚು ತಯಾರಾದವು; 1965ರಲ್ಲಿ ವಿನ್ಯಾಸ ಸಂಸ್ಥೆ ಪಿನಿನ್‌ಫರೀನಾದ ನೆರವಿನಿಂದ ಗಟ್ಟಿ ಚಾವಣಿಯ ಜಿಟಿ ಮಾದರಿಯೂ ಬಂತು. 18 ವರ್ಷ ಮೈ ಹೆಚ್ಚುಕಡಿಮೆ ಹಾಗೆಯೇ ಇತ್ತು. ಬದಲಾಗಿದ್ದು ಮೂತಿ. 1974ರ ಕೊನೆಯ ತನಕ ಹೊಳೆಯುವ ಕ್ರೋಮಿಯಂ ಬಂಪರು, ಅಲ್ಲಿಂದಾಚೆಗೆ ಜನ ‘ರಬ್ಬರ್’ ಎಂದು ಕರೆಯುವ ದಪ್ಪ ಕಪ್ಪು ಬಂಪರು. ಅದು ಉಕ್ಕಿನ ಚೌಕಟ್ಟಿನ ಮೇಲೆ ಹಾಕಿದ ಪಾಲಿಯುರಿಥೇನ್. ಅಮೆರಿಕದ ಡಿಕ್ಕಿ ನಿಯಮಕ್ಕೆ ಬಂಪರು ಬಲಿತದ್ದು ಸಾಲದು ಎಂಬಂತೆ, ಬಂಪರು ಮತ್ತು ದೀಪದ ಎತ್ತರದ ನಿಯಮಕ್ಕಾಗಿ ಇಡೀ ಕಾರನ್ನೇ ಒಂದು ಇಂಚಿನಷ್ಟು ಮೇಲಕ್ಕೆತ್ತಿದರು. ತಿರುವಿನಲ್ಲಿ ಕಾರು ವಾಲತೊಡಗಿತು. ಹಳೆಯ ಎಂಜಿಬಿ ಓಡಿಸಿದವರು ಇವತ್ತಿಗೂ ಆ ಇಂಚನ್ನು ಕ್ಷಮಿಸಿಲ್ಲ.

ಎಂಜಿಬಿಯಲ್ಲಿ ವೈಪರಿನ ಲೆಕ್ಕ ಬೇರೆಯೇ ಕಥೆ ಹೇಳುತ್ತದೆ. ತೆರೆದ ಚಾವಣಿಯ ಎಂಜಿಬಿಗೆ ಎರಡು ವೈಪರಿದ್ದರೆ ಅದು ಸಾಮಾನ್ಯ ಕಾರು. ಮೂರಿದ್ದರೆ ಅದು 1968ರ ನಂತರ ಉತ್ತರ ಅಮೆರಿಕಕ್ಕೆಂದು ತಯಾರಾದದ್ದು. ಗಾಜಿನ ಇಂತಿಷ್ಟು ಭಾಗ ಒರೆಸಲೇಬೇಕು ಎಂಬ ನಿಯಮವನ್ನು ಎರಡು ವೈಪರು ಪೂರೈಸುತ್ತಿರಲಿಲ್ಲ. ಅಂಥ ಕಾರು ಲಂಡನ್ ರಸ್ತೆಯಲ್ಲಿ ಬಲಗಡೆ ಸ್ಟೇರಿಂಗ್ ಇಟ್ಟುಕೊಂಡು ಓಡಾಡುತ್ತಿದ್ದರೆ, ಅದು ಅಮೆರಿಕಕ್ಕೆ ಹೋಗಿ, ಕೆಲವು ದಶಕ ಅಲ್ಲಿದ್ದು, ತವರಿಗೆ ವಾಪಸು ಬಂದು ಸ್ಟೇರಿಂಗ್ ಬದಲಿಸಿಕೊಂಡಿದೆ ಎಂದು ಊಹಿಸಬಹುದು. ಬಾಗಿಲ ಹಿಡಿಯನ್ನೂ ನೋಡಬೇಕು. ಎಳೆದು ತೆಗೆಯುವ ಹಿಡಿಯಿದ್ದರೆ ಅದು 1965ರವರೆಗಿನದು. ಆಮೇಲಿನವಕ್ಕೆ ಒತ್ತುವ ಗುಂಡಿ. ಈ ಮೊದಮೊದಲ ಕಾರುಗಳಿಗೆ ಪ್ರೀತಿ ಹೆಚ್ಚು, ಬೆಲೆಯೂ ಹೆಚ್ಚು.

ಜರ್ಮನಿಯ ಕಡೆ ಬಂದರೆ ಸಮಸ್ಯೆ ಬೇರೆ. ಅಲ್ಲಿ ಅಣ್ಣತಮ್ಮಂದಿರ ಮುಖ ಒಂದೇ. ಪೋರ್ಷೆ ಕಂಪನಿ 1963ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ತೋರಿಸಿದ ಹೊಸ ಕಾರಿಗೆ 901 ಎಂದು ಹೆಸರಿಟ್ಟಿತ್ತು. ಮೂರಂಕಿಯ ನಡುವೆ ಸೊನ್ನೆ ಬರುವ ಹೆಸರು ತನ್ನದೆಂದು ಫ್ರಾನ್ಸಿನ ಪೂಜೊ ಕಂಪನಿ ತಕರಾರು ತೆಗೆದದ್ದರಿಂದ ಅದು 911 ಆಯಿತು. ಹೊಸ ಕಾರು ದುಬಾರಿ ಎಂದು ಗಿರಾಕಿಗಳು ಗೊಣಗಿದಾಗ ಕಂಪನಿ 1965ರಲ್ಲಿ ಅದೇ ಮೈಗೆ ಹಿಂದಿನ 356 ಕಾರಿನ ನಾಲ್ಕು ಸಿಲಿಂಡರಿನ ಎಂಜಿನ್ ಹಾಕಿ 912 ಎಂದು ಮಾರಿತು. ಒಂದಕ್ಕೆ 130 ಅಶ್ವಶಕ್ತಿ, ಇನ್ನೊಂದಕ್ಕೆ 90. ಹೊರಗಿನಿಂದ ನೋಡಿದರೆ ಎರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಗಾಜಿನೊಳಗೆ ಇಣುಕಿ ಡ್ಯಾಶ್‌ಬೋರ್ಡ್ ನೋಡಿದರೆ ಸುಳಿವು ಸಿಕ್ಕೀತು: 911ರಲ್ಲಿ ಐದು ಮೀಟರು, ಮೊದಲ 912ಗಳಲ್ಲಿ ಸಾಮಾನ್ಯವಾಗಿ ಮೂರು. ಐದನ್ನು ಹಣ ಕೊಟ್ಟು ಹಾಕಿಸಿಕೊಂಡವರೂ ಇದ್ದುದರಿಂದ ಇದೂ ಪೂರ್ತಿ ಖಾತ್ರಿಯಲ್ಲ. ಎಂಜಿನ್ ಶುರುವಾದರೆ ಮಾತ್ರ ಅನುಮಾನವೇ ಬೇಡ. ಆರು ಸಿಲಿಂಡರಿನ ಗೊರಗೊರ ಸದ್ದು ಕೇಳಿದ ಕಿವಿಗೆ 912 ಫೋಕ್ಸ್‌ವ್ಯಾಗನ್ ಬೀಟಲ್‌ನ ನೆಂಟನಂತೆ ಕೇಳುತ್ತದೆ, ನೆಂಟಸ್ತನ ಇರುವುದೂ ನಿಜವೇ.

911ರಲ್ಲೇ ಒಂದು ಸೊಗಸಾದ ಗುರುತಿದೆ. 1972ರ ಮಾದರಿಯಲ್ಲಿ ಭಾರದ ಸಮತೋಲ ಸುಧಾರಿಸಲು ಆಯಿಲ್ ಟ್ಯಾಂಕನ್ನು ಹಿಂದಿನ ಚಕ್ರಗಳ ಮುಂದಕ್ಕೆ ತಂದರು. ಆಯಿಲ್ ಹಾಕಲು ಬಲಗಡೆ ಬಾಗಿಲಿನ ಹಿಂದೆ, ಮೈಮೇಲೆಯೇ ಒಂದು ಚಿಕ್ಕ ಮುಚ್ಚಳ ಬಂತು. ಪೆಟ್ರೋಲ್ ಬಂಕಿನ ಹುಡುಗರು ಅದನ್ನು ಪೆಟ್ರೋಲ್ ಮುಚ್ಚಳವೆಂದೇ ತಿಳಿದು ಆಯಿಲ್ ಟ್ಯಾಂಕಿಗೆ ಪೆಟ್ರೋಲ್ ತುಂಬಿಸಿದರಂತೆ. ಮರುವರ್ಷದ ಮಾದರಿಯಲ್ಲಿ ಮುಚ್ಚಳ ಮಾಯ. ಒಂದೇ ಒಂದು ಮಾದರಿ ವರ್ಷಕ್ಕೆ ಸೀಮಿತವಾದ ಇಂಥ ಗುರುತು ಇರುವ ಕಾರುಗಳು ಕಡಿಮೆ. 1974ರಿಂದ ಅಮೆರಿಕದ ಬಂಪರ್ ನಿಯಮ ಇಲ್ಲಿಗೂ ಬಂತು. ಬಂಪರಿನ ಎರಡೂ ತುದಿಯಲ್ಲಿ ಹಾರ್ಮೋನಿಯಂ ತಿದಿಯಂಥ ಕಪ್ಪು ಮಡಿಕೆಗಳು ಕಾಣಿಸಿಕೊಂಡವು. ಪೋರ್ಷೆಯವರು ಇದನ್ನು ಎಂಜಿಗಿಂತ ಎಷ್ಟೋ ಚೆನ್ನಾಗಿ ನಿಭಾಯಿಸಿದರು.

ಮರ್ಸಿಡಿಸ್ 300 ಎಸ್‌ಎಲ್ ಮತ್ತು 190 ಎಸ್‌ಎಲ್ ವಿಷಯವೂ ಹೀಗೆಯೇ. ಮೊದಲನೆಯದರಲ್ಲಿ ಹಕ್ಕಿಯ ರೆಕ್ಕೆಯಂತೆ ಮೇಲಕ್ಕೆ ತೆರೆಯುವ ಬಾಗಿಲಿನ ಕೂಪೆಗಳು 1,400, ಆಮೇಲೆ ಬಂದ ತೆರೆದ ಕಾರುಗಳು 1,858. ನಾಲ್ಕು ಸಿಲಿಂಡರಿನ 190 ಎಸ್‌ಎಲ್ ಮಾತ್ರ 25,000ಕ್ಕೂ ಮೀರಿ ತಯಾರಾಯಿತು. ತೆರೆದ ಚಾವಣಿಯ ಎರಡೂ ಕಾರುಗಳನ್ನು ದೂರದಿಂದ ನೋಡಿ ಗೊಂದಲವಾದರೆ ಮುಂದಿನ ಚಕ್ರದ ಹಿಂದೆ, ಬಾಗಿಲಿನ ಮುಂದೆ ಕಣ್ಣು ಹಾಯಿಸಬೇಕು. ಬಿಸಿಗಾಳಿ ಹೊರಹೋಗಲು ಕಿಂಡಿಯಿದ್ದರೆ 300, ಮೈ ಬೋಳಾಗಿದ್ದರೆ 190. 2022ರಲ್ಲಿ 13.5 ಕೋಟಿ ಯೂರೋಗೆ ಹರಾಜಾಗಿ ಸುದ್ದಿ ಮಾಡಿದ ಮರ್ಸಿಡಿಸ್ ಈ ಎರಡೂ ಅಲ್ಲ. ಅದು 300 ಎಸ್‌ಎಲ್‌ಆರ್, ತಯಾರಾದ ಎರಡೇ ಕೂಪೆಗಳಲ್ಲಿ ಒಂದು. ರಸ್ತೆಯಲ್ಲಿ ಸಿಗುವ ಮಾತೇ ಇಲ್ಲ.

ನಕಲುಗಳ ರಾಜ ಎಂದರೆ ಎಸಿ ಕೋಬ್ರಾ. ಇಂಗ್ಲೆಂಡಿನ ಎಸಿ ಕಂಪನಿಯ ಹಗುರ ಕಾರಿಗೆ ಅಮೆರಿಕದ ಕ್ಯಾರೊಲ್ ಶೆಲ್ಬಿ 1962ರಲ್ಲಿ ಫೋರ್ಡ್ ವಿ8 ಎಂಜಿನ್ ಕೂರಿಸಿದ. 2019ರ ‘ಫೋರ್ಡ್ ವರ್ಸಸ್ ಫೆರಾರಿ’ ಸಿನಿಮಾ ನೋಡಿದವರಿಗೆ ಶೆಲ್ಬಿ ಗೊತ್ತು. 1960ರ ದಶಕದಲ್ಲಿ ತಯಾರಾದ ಅಸಲಿ ಕೋಬ್ರಾಗಳು ಸುಮಾರು ಒಂದು ಸಾವಿರ. ಅದರ ಎಷ್ಟೋ ಪಟ್ಟು ನಕಲುಗಳು, ಕಿಟ್ ತಂದು ಮನೆಯಲ್ಲೇ ಜೋಡಿಸಿದವು, ಲೋಕದ ತುಂಬ ಓಡಾಡುತ್ತಿವೆ. ಕೋಬ್ರಾ ಕಂಡೊಡನೆ ನಕಲು ಎಂದು ಪಣ ಕಟ್ಟಿದವರು ಸೋಲುವುದು ತೀರಾ ಅಪರೂಪ. ಫೈಬರ್ ಮೈ ಪತ್ತೆ ಮಾಡಲು ಅಯಸ್ಕಾಂತ ಹಿಡಿಯುವ ಹಳೆಯ ಉಪಾಯ ಇಲ್ಲಿ ಕೈಕೊಡುತ್ತದೆ. ಅಸಲಿ ಕೋಬ್ರಾ ಮೈ ಅಲ್ಯೂಮಿನಿಯಂ, ಅಯಸ್ಕಾಂತ ಅದಕ್ಕೂ ಅಂಟುವುದಿಲ್ಲ! ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದರೆ ಲೋಹದ ದನಿಗೂ ಫೈಬರಿನ ದನಿಗೂ ವ್ಯತ್ಯಾಸ ತಿಳಿಯುತ್ತದೆ, ಮಾಲೀಕರು ಒಪ್ಪಿದರೆ. ನಕಲು ಎಂದು ಮೂಗು ಮುರಿಯುವ ಅಗತ್ಯವೇನೂ ಇಲ್ಲ. ಎಷ್ಟೋ ನಕಲುಗಳು ಅಸಲಿಗಿಂತ ಚೆನ್ನಾಗಿ ಓಡುತ್ತವೆ, ನಂಬಿಕೆಯಿಂದ ನಿಲ್ಲುತ್ತವೆ. ಮಾರುವಾಗ ಅಸಲಿ ಎಂದು ಹೇಳಿದರೆ ಮಾತ್ರ ಅದು ಮೋಸ.

ಲೋಟಸ್ ಸೆವೆನ್ ನೋಡಿದೆ ಎನ್ನುವವರಿಗೆ ಒಂದು ಮಾತು: 1973ರಲ್ಲಿ ಆ ಕಾರನ್ನು ತಯಾರಿಸುವ ಹಕ್ಕು ಕೇಟರ್‌ಹ್ಯಾಮ್ ಕಂಪನಿಗೆ ಹೋಯಿತು. ಅದೇ ಆಕಾರದ ಕಾರು ಇವತ್ತಿಗೂ ಹೊಸದಾಗಿ ಸಿಗುತ್ತದೆ. ಹಳೆಯದೆಂದು ಕೈಮುಗಿದದ್ದು ಕಳೆದ ವರ್ಷದ್ದೂ ಆಗಿರಬಹುದು.

ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ ಒಂದು ಅನುಕೂಲವಿದೆ. ಅಲ್ಲಿ ನಂಬರ್ ಪ್ಲೇಟು ನೋಡಿಕೊಂಡು ಸರ್ಕಾರದ ಜಾಲತಾಣದಲ್ಲಿ ಹಾಕಿದರೆ ಕಾರಿನ ಕಂಪನಿ, ಮೊದಲು ನೋಂದಣಿಯಾದ ಕಾಲ, ಬಣ್ಣ, ಎಂಜಿನ್ ಗಾತ್ರ ಯಾರಿಗಾದರೂ ಸಿಗುತ್ತದೆ. ಮಾಲೀಕರ ಹೆಸರು ಸಿಗುವುದಿಲ್ಲ, ಸಿಗಲೂ ಬಾರದು. ಹಳೆಯ ಪ್ಲೇಟಿನ ಕೊನೆಯ ಅಕ್ಷರವೇ ಅರ್ಧ ಉತ್ತರ ಕೊಡುತ್ತದೆ: ‘ಸಿ’ ಎಂದರೆ 1965, ‘ಡಿ’ ಎಂದರೆ 1966, ‘ಎಲ್’ ಎಂದರೆ 1972ರ ಆಗಸ್ಟ್‌ನಿಂದ ಮುಂದಿನ ಜುಲೈ ತನಕ. ಇಲ್ಲೂ ಒಂದು ಕಳ್ಳದಾರಿ ಇದೆ. ಕಾರನ್ನು ಇದ್ದುದಕ್ಕಿಂತ ಹೊಸದಾಗಿ ತೋರಿಸುವ ನಂಬರು ಹಾಕಲು ಕಾನೂನು ಬಿಡುವುದಿಲ್ಲ, ಹಳೆಯದಾಗಿ ತೋರಿಸಲು ಬಿಡುತ್ತದೆ. ಹಾಗಾಗಿ ಪ್ಲೇಟಿನ ಇಸವಿಗೂ ಬಂಪರಿನ ಇಸವಿಗೂ ಜಗಳ ಬಂದರೆ ಬಂಪರನ್ನು ನಂಬುವುದು ಮೇಲು.

ನಮ್ಮ ಬೆಂಗಳೂರು, ಮೈಸೂರಿನ ಕಡೆ ಇಂಥ ಕಾರುಗಳು ಕಮ್ಮಿ, ಅದಕ್ಕೆ ಚರಿತ್ರೆಯೇ ಕಾರಣ. ಲೈಸೆನ್ಸ್ ರಾಜ್ ಕಾಲದಲ್ಲಿ ವಿದೇಶಿ ಕಾರು ತರಿಸುವುದು ಬಹುಪಾಲು ಜನರ ಕೈಗೆ ಎಟುಕದ ಮಾತು. ರಾಯಭಾರ ಕಚೇರಿಗಳವರು ತಂದು ಬಳಸಿದ ಕಾರುಗಳು ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮೂಲಕ ಹರಾಜಾದಾಗ ಒಂದೆರಡು ಹೀಗೆ ಊರು ಸೇರುತ್ತಿದ್ದವು. ಇಲ್ಲಿ ಕಂಡ ಹಳೆಯ ಕಾರಿನ ನಂಬರ್ ಪ್ಲೇಟು ಓದಲು ಬಂದರೆ ಒಳ್ಳೆಯದು. ‘ಎಂವೈ’ ಎಂದು ಶುರುವಾಗುವುದು ಮೈಸೂರು ರಾಜ್ಯದ ಕಾಲದ ಸರಣಿ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದ ಮೇಲೆ ‘ಸಿ’ ಅಕ್ಷರದಿಂದ ಶುರುವಾಗುವ ಸರಣಿಗಳು ಬಂದವು. ‘ಕೆಎ’ ಬಂದಿದ್ದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ನಂತರ. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ, ಮೂಲರೂಪ ಕೆಡದ ವಾಹನಗಳಿಗೆ ವಿಂಟೇಜ್ ನೋಂದಣಿ ತಂದಿತು. ಅಂಥ ನಂಬರಿನಲ್ಲಿ ರಾಜ್ಯದ ಅಕ್ಷರಗಳ ಬೆನ್ನಿಗೇ ‘ವಿಎ’ ಎಂದಿರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ. ದಿನನಿತ್ಯದ ಓಡಾಟಕ್ಕೂ ಬಾಡಿಗೆಗೂ ಆ ವಾಹನ ಬಳಸುವಂತಿಲ್ಲ.

ಸ್ಪೋರ್ಟ್ಸ್ ಕಾರಿನ ಜೊತೆ ನಮ್ಮವರಿಗೆ ಒಂದು ಹಳೆಯ ನಂಟಿದೆ, ಅದು ಅನೇಕರಿಗೆ ತಿಳಿದಿಲ್ಲ. ಮದ್ರಾಸಿನಲ್ಲಿ ತಯಾರಾಗಿ ಬೆಂಗಳೂರಿನ ಬೀದಿಗಳಲ್ಲೂ ಓಡಾಡಿದ ಸ್ಟ್ಯಾಂಡರ್ಡ್ ಹೆರಾಲ್ಡ್ ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡೇ. ಇಟಲಿಯ ಜೊವಾನಿ ಮಿಕೆಲೊಟಿ ಅದರ ವಿನ್ಯಾಸಕಾರ. ಅದೇ ಚಾಸಿಯನ್ನು ಮೊಟಕು ಮಾಡಿ, ಅದೇ ಮಿಕೆಲೊಟಿ ಕೈಯಲ್ಲಿ ಮೈ ಬರೆಸಿ, ಟ್ರಯಂಫ್ 1962ರಲ್ಲಿ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ತಂದಿತು. ಹೆರಾಲ್ಡ್ ಬಾನೆಟ್ಟು ತೆಗೆದದ್ದನ್ನು ನೋಡಿದವರಿಗೆ ನೆನಪಿರುತ್ತದೆ: ಮಡ್‌ಗಾರ್ಡು, ಹೆಡ್‌ಲೈಟು ಎಲ್ಲ ಸೇರಿ ಇಡೀ ಮುಂಭಾಗವೇ ಮುಂದಕ್ಕೆ ಬಾಗುತ್ತದೆ, ಮೆಕ್ಯಾನಿಕ್ ಮುಂದಿನ ಚಕ್ರದ ಮೇಲೇ ಕೂತು ಕೆಲಸ ಮಾಡುತ್ತಾನೆ. ಸ್ಪಿಟ್‌ಫೈರ್‌ನದೂ ಹೀಗೆಯೇ, ಇ-ಟೈಪ್‌ನದೂ ಹೀಗೆಯೇ. ಎಂಜಿಬಿಗೆ ಮಾತ್ರ ಮಡ್‌ಗಾರ್ಡುಗಳ ನಡುವೆ ಬೇರೆ ಮುಚ್ಚಳ. ಹಾಗಾಗಿ ಪುಟ್ಟ ತೆರೆದ ಇಂಗ್ಲಿಷ್ ಕಾರು ಎಂಜಿಬಿಯೋ ಸ್ಪಿಟ್‌ಫೈರೋ ಎಂಬ ಜಗಳ ಬಂದರೆ ಬಾನೆಟ್ಟಿನ ಸಂದು ಎಲ್ಲಿದೆ ಎಂದು ನೋಡಿದರೆ ಮುಗಿಯಿತು. ನಾಲ್ಕು ಬಾಗಿಲಿನ ಹೆರಾಲ್ಡ್ ತಯಾರಾದದ್ದು ಭಾರತದಲ್ಲಿ ಮಾತ್ರ. ಇಂಗ್ಲೆಂಡಿನ ಟ್ರಯಂಫ್ ಅಭಿಮಾನಿಗಳು ಅದರ ಫೋಟೊ ಕಂಡರೆ ಕಣ್ಣುಜ್ಜಿಕೊಳ್ಳುತ್ತಾರೆ.

ಬೆಂಗಳೂರಿನಲ್ಲಿ ಇನ್ನೊಂದು ಬಗೆಯ ದಾರಿ ತಪ್ಪುವ ಸಾಧ್ಯತೆಯೂ ಉಂಟು. ಚಾವಣಿಯಿಲ್ಲದ, ಎರಡೇ ಸೀಟಿನ, ಗುಂಡಗಿನ ಪುಟ್ಟ ಕಾರೊಂದು ಎದುರಾದರೆ ಇಟಲಿಯದೆಂದು ಕೂಗುವ ಮೊದಲು ಹಿಂಭಾಗ ಓದಬೇಕು. ಅದು ಸ್ಯಾನ್ ಸ್ಟಾರ್ಮ್ ಆಗಿರಬಹುದು. 1990ರ ದಶಕದ ಕೊನೆಯಲ್ಲಿ ಸ್ಯಾನ್ ಮೋಟಾರ್ಸ್ ತಂದ, ಫೈಬರ್ ಮೈಯ, ರೆನೊ ಎಂಜಿನ್ನಿನ, ನಮ್ಮ ದೇಶದ್ದೇ ಸ್ಪೋರ್ಟ್ಸ್ ಕಾರು ಅದು. ತಯಾರಾದದ್ದೂ ಕಡಿಮೆ, ಉಳಿದದ್ದು ಇನ್ನೂ ಕಡಿಮೆ. ಒಂದು ಲೆಕ್ಕಕ್ಕೆ ಎಂಜಿಬಿಗಿಂತ ಅದೇ ಅಪರೂಪದ ನೋಟ. ನಿಧಾನವಾಗಿ ನಿಂತು ಹಳೆಯ ಕಾರುಗಳನ್ನು ನೋಡುವ ಆಸೆಯಿದ್ದವರಿಗೆ ಧರ್ಮಸ್ಥಳದ ಕಾರು ಸಂಗ್ರಹಾಲಯ ಇದೆ, ಶ್ರೀರಂಗಪಟ್ಟಣದ ಬಳಿ ಪಯಣ ಸಂಗ್ರಹಾಲಯ ಇದೆ. ದೀಪ, ಬಂಪರು, ಸಂದು ನೋಡುವ ಅಭ್ಯಾಸ ಅಲ್ಲಿ ಆದರೆ ರಸ್ತೆಯಲ್ಲಿ ಕಣ್ಣು ತಾನಾಗಿಯೇ ಹುಡುಕುತ್ತದೆ.

ಮುಂದಿನ ಸಲ ಇಂಥದ್ದೊಂದು ಕಂಡರೆ ಮೂತಿಯ ಫೋಟೊ ಒಂದೇ ಸಾಲದು. ಹಿಂಭಾಗದ್ದು ಒಂದು, ಪಕ್ಕದಿಂದ ಪೂರ್ತಿ ಒಂದು, ಸಾಧ್ಯವಾದರೆ ಡ್ಯಾಶ್‌ಬೋರ್ಡಿನದೊಂದು ತೆಗೆಯಿರಿ. ಮಾಲೀಕರು ಹತ್ತಿರವಿದ್ದರೆ ಕೇಳಿಬಿಡುವುದೇ ಸುಲಭ. ಹಳೆಯ ಕಾರಿಟ್ಟವರಲ್ಲಿ ಅದರ ಬಗ್ಗೆ ಮಾತಾಡಲು ಬೇಸರಪಡುವವರು ವಿರಳ. ಬಾನೆಟ್ಟು ತೆಗೆದು ತೋರಿಸಿದಾಗ ಚಾಸಿ ನಂಬರಿನ ಫೋಟೊ ಮಾತ್ರ ತೆಗೆದು ಹಂಚಬೇಡಿ, ಅದನ್ನು ಕದ್ದು ಬೇರೆ ಕಾರಿಗೆ ಕೊರೆಸುವವರಿದ್ದಾರೆ. ಸೆಲ್ಫಿಗೆಂದು ಕಾರಿಗೆ ಒರಗಲೂ ಬೇಡಿ: ಪ್ಯಾಂಟಿನ ಜೇಬಿನ ಒಂದು ರಿವೆಟ್ ಸಾಕು, ಅಲ್ಯೂಮಿನಿಯಂ ಮಡ್‌ಗಾರ್ಡು ತಗ್ಗಾಗುತ್ತದೆ.